ತೊಕ್ಕಿನ ಡಬ್ಬಿ ಹೊತ್ತು ವಿಕ್ಟೋರಿಯಾ ಸರೋವರಕ್ಕೆ

ಬ್ಯಾಡರಹಳ್ಳಿ

ನಾನು ಮಾಡುವ ಕೆಲಸವನ್ನು ನಮ್ಮ ಅತ್ತೆ ಬ್ಯಾಡರಹಳ್ಳಿಗೆಲ್ಲ ಹೇಳಿಕೊಂಡು ಬಂದಿರುವುದು ಎರಡೇ ಪದಗಳಲ್ಲಿ: ಹೊಟ್ಟೆ ಡಾಕ್ಟ್ರು. ಇದು ಶುದ್ಧ ಸುಳ್ಳು. ಕೆಂಗೇರಿಯಿಂದಾಚೆ ಇರುವ ಒಂದು ಸಂಶೋಧನಾ ಕೇಂದ್ರದಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಮನುಷ್ಯರ ಮಲದಲ್ಲಿ ಹುಳುವಿನ ಮೊಟ್ಟೆ ಹುಡುಕುವವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು, "ಊಟದ್ ಹೊತ್ತಲ್ಲಿ ಅದರ್ ಮಾತು ಬ್ಯಾಡ ಕಣಮ್ಮ" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು 'ಅದು'.

ಈ ಸುಳ್ಳಿನ ಫಲ ಉಣ್ಣುವವಳು ಮಾತ್ರ ನಾನು. ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗೇಟಿನ ಹತ್ತಿರ ಯಾರಾದರೂ ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾರೆ. ಗ್ಯಾಸು, ಹುಳಿತೇಗು, ಎದೆಯುರಿ. ಹಿಂದಿನ ಬೀದಿಯ ಜಯಮ್ಮನವರಂತೂ ವಾರ ತಪ್ಪಿಸುವುದಿಲ್ಲ. ಎಲ್ಲರಿಗೂ ಓಮದ ನೀರು ಕುಡಿಯಲು ಹೇಳುತ್ತೇನೆ. ಗುಣವೂ ಆಗುತ್ತದೆ. ಹೀಗೆ ಏನೂ ಮಾಡದೆಯೇ ನನ್ನ ಹೆಸರು ಮಾಗಡಿ ರೋಡಿನ ಉದ್ದಕ್ಕೂ ಹಬ್ಬಿಬಿಟ್ಟಿದೆ.

ಟಾಂಜಾನಿಯಾಗೆ ಹೋಗುವ ಅವಕಾಶ ಬಂದದ್ದು 'ಅದರ' ದೆಸೆಯಿಂದಲೇ. ಅಲ್ಲಿನ ವಿಕ್ಟೋರಿಯಾ ಸರೋವರದಲ್ಲಿ ಬಸವನಹುಳುಗಳಿವೆ. ಅವುಗಳ ಮೈಯಲ್ಲಿ ಕಣ್ಣಿಗೆ ಕಾಣದಂಥ ಮರಿಹುಳು ಬೆಳೆದು ನೀರಿಗೆ ಬರುತ್ತದೆ. ನೀರಿಗಿಳಿದವರ ಚರ್ಮ ತೂರಿ ಒಳಗೆ ಹೋಗಿ, ಕರುಳಿನ ಸುತ್ತಲಿನ ರಕ್ತನಾಳಗಳಲ್ಲಿ ಸಂಸಾರ ಹೂಡುತ್ತದೆ. ವರ್ಷಗಟ್ಟಲೆ ಅಲ್ಲೇ ಇದ್ದು ಮೊಟ್ಟೆಯಿಡುತ್ತದೆ. ಮಕ್ಕಳು ಸೊರಗುತ್ತಾರೆ, ಹೊಟ್ಟೆ ಉಬ್ಬುತ್ತದೆ, ಕೊನೆಗೆ ಯಕೃತ್ತೇ ಕೆಡುತ್ತದೆ. ಮದ್ದು ಇಲ್ಲವೆಂದಲ್ಲ, ಮಾತ್ರೆ ಇದೆ. ಆದರೆ ಈ ಕಾಯಿಲೆ ಬರುವುದು ಸರೋವರದಲ್ಲಿ ಬಟ್ಟೆ ಒಗೆಯುವವರಿಗೆ, ಮೀನು ಹಿಡಿಯುವವರಿಗೆ. ಹಾಗಾಗಿ ಬಿಪಿ, ಶುಗರ್‌ಗಳಿಗಿರುವ ಮರ್ಯಾದೆ ಇದಕ್ಕಿಲ್ಲ. ವಿಜಯನಗರದ ನಮ್ಮ ನೆಂಟರಿಗೆ ಇಷ್ಟೆಲ್ಲ ವಿವರಿಸಿದಾಗ ಅವರು ಕೇಳಿದ್ದು ಅಲ್ಲಿ ಸಿಂಹ ನೋಡಲು ಸಿಗುತ್ತದೆಯೇ ಎಂದು ಮಾತ್ರ.

ನಮ್ಮ ಕೇಂದ್ರದಲ್ಲಿ ಈ ಹುಳುವಿಗೆಂದು ಹೊಸ ಪರೀಕ್ಷಾ ಪಟ್ಟಿಯೊಂದನ್ನು ತಯಾರಿಸಿದ್ದೆವು. ಬಸಿರಿನ ಪರೀಕ್ಷೆಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅಂಥದ್ದೇ. ಒಂದೆರಡು ಹನಿ ಮೂತ್ರ ಬಿಟ್ಟರೆ ಗೆರೆ ಮೂಡುತ್ತದೆ. ಎರಡು ಗೆರೆ ಬಂದರೆ ಒಳಗೆ ಹುಳು ಇದೆ ಎಂದರ್ಥ. ಒಳಗಿರುವ ಹುಳು ಕಡಿಮೆಯಾದರೂ ಇದು ಹಿಡಿಯುತ್ತದೆ ಎಂದು ನಾವು ನಂಬಿದ್ದೆವು. ಬರೀ ನಂಬಿದರೆ ಸಾಲದು. ಅದೇ ಜನರ ಮಲವನ್ನೂ ಹಳೆಯ ಪದ್ಧತಿಯಲ್ಲಿ ಮೈಕ್ರೋಸ್ಕೋಪಿನಡಿ ನೋಡಿ, ಎರಡೂ ತಾಳೆಯಾಗುತ್ತದೆಂದು ತೋರಿಸಬೇಕು. ಅದಕ್ಕೆ ಡಬ್ಬಿ ಬೇಕು. ಅಗಲ ಬಾಯಿಯ, ತಿರುಪಿನ ಬಿಳಿ ಮುಚ್ಚಳವಿರುವ ಹೊಚ್ಚ ಹೊಸ ಡಬ್ಬಿಗಳ ದೊಡ್ಡದೊಂದು ಪೆಟ್ಟಿಗೆಯನ್ನು ಹೊರಡುವ ಹಿಂದಿನ ದಿನ ಮನೆಗೆ ತಂದು ಹಾಲಿನಲ್ಲಿಟ್ಟೆ. ಆಮೇಲೆ ಆದದ್ದಕ್ಕೆಲ್ಲ ಇದೇ ಮೂಲ.

ನಮ್ಮ ಮನೆಗೆ ಒಮ್ಮೆ ಬಂದ ಡಬ್ಬಿ ಮತ್ತೆ ಹೊರಗೆ ಹೋಗುವುದಿಲ್ಲ. ಐಸ್‌ಕ್ರೀಮ್ ಡಬ್ಬಿಯಲ್ಲಿ ಕರಿಬೇವು, ಸ್ವೀಟ್ ಡಬ್ಬಿಯಲ್ಲಿ ಸೂಜಿದಾರ, ಪೇಂಟ್ ಡಬ್ಬಿಯಲ್ಲಿ ತುಳಸಿಗಿಡ. ಅತ್ತೆ ಪೆಟ್ಟಿಗೆಯಿಂದ ಒಂದು ಡಬ್ಬಿ ತೆಗೆದು, ನೀರು ತುಂಬಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಹಿಡಿದರು. ಒಂದು ಹನಿಯೂ ಸೋರಲಿಲ್ಲ. "ಇಂಥಾ ಡಬ್ಬೀಲಿ ಅದುನ್ನ ತುಂಬ್ತೀಯಾ ನೀನು?" ಎಂದು ಕೇಳಿದ ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ನಾನು ನಕ್ಕು ಬಟ್ಟೆ ಮಡಚಲು ಹೋದೆ.

ದಾರ್ ಎಸ್ ಸಲಾಮ್

ವಿಮಾನ ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ಒಬ್ಬ ಹೆಂಗಸು ನನ್ನ ಕಾಗದಪತ್ರಗಳನ್ನು ನಿಧಾನವಾಗಿ ಓದಿದರು. ಮನುಷ್ಯರ ಮಲ ಸಂಗ್ರಹಿಸಲು ಖಾಲಿ ಡಬ್ಬಿಗಳನ್ನು ತಂದಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಪೆಟ್ಟಿಗೆ ತೆರೆದು ಡಬ್ಬಿಗಳನ್ನು ನೋಡಿದರು, ತಲೆಯಾಡಿಸಿದರು, ಮುಚ್ಚಿದರು. ಆಮೇಲೆ ಏನು ತೋಚಿತೋ, ನನ್ನ ಸೂಟ್‌ಕೇಸನ್ನೂ ತೆರೆಯಲು ಹೇಳಿದರು.

ಸೀರೆಗಳ ನಡುವೆ ಅವೇ ಡಬ್ಬಿಗಳು, ಅವೇ ಬಿಳಿ ಮುಚ್ಚಳ. ಅವು ಖಾಲಿ ಇರಲಿಲ್ಲ. ಒಂದರಲ್ಲಿ ಕರಿಗಂದು ಬಣ್ಣದ ಹುಚ್ಚೆಳ್ಳು ಪುಡಿ. ಇನ್ನೊಂದರಲ್ಲಿ ಹುಣಸೆ ತೊಕ್ಕು. ನಮ್ಮ ಅತ್ತೆಯ ತೊಕ್ಕನ್ನು ಕಂಡವರಿಗೆ ಅದರ ಬಣ್ಣ, ಹದ, ಹೊಳಪು ಎಂಥದ್ದೆಂದು ಹೇಳಬೇಕಾಗಿಲ್ಲ. ಕಾಣದವರು ಊಹಿಸಿಕೊಳ್ಳಬಹುದು. ಆ ಹೆಂಗಸು ಊಹಿಸಿಕೊಂಡರು. ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕಾಗದವನ್ನೊಮ್ಮೆ ಡಬ್ಬಿಯನ್ನೊಮ್ಮೆ ನೋಡಿ, ಖಾಲಿ ಎಂದು ಬರೆದಿದ್ದೀರಲ್ಲ ಎಂದರು.

ಇದು ಊಟದ ಪದಾರ್ಥ, ನಮ್ಮ ಅತ್ತೆ ಕಟ್ಟಿದ್ದು ಎಂದೆ. ಹಾಗಾದರೆ ತಿನ್ನಿ ಎಂದರು. ನನ್ನ ಹಿಂದೆ ಸಾಲಿನಲ್ಲಿದ್ದವರು ಇಣುಕಿ ನೋಡತೊಡಗಿದರು. ನಾನು ಮುಚ್ಚಳ ತೆಗೆದು ಬೆರಳು ಅದ್ದಿ ನೆಕ್ಕಿದೆ. ರುಚಿಯಾಗಿತ್ತು, ಇನ್ನೊಂದು ಸಲವೂ ನೆಕ್ಕಿದೆ. ಎರಡನೆಯದು ಬೇಕಾಗಿರಲಿಲ್ಲ. ಆಕೆ ಮುಖ ಪಕ್ಕಕ್ಕೆ ತಿರುಗಿಸಿ, ಕೈಯಾಡಿಸಿ, ನನ್ನನ್ನು ಹೊರಗೆ ಕಳಿಸಿಬಿಟ್ಟರು. ಉಳಿದ ಚೀಲಗಳನ್ನು ಯಾರೂ ಮುಟ್ಟಲಿಲ್ಲ. ಅಂಥ ಸುಲಭದ ಕಸ್ಟಮ್ಸ್ ನನಗೆ ಯಾವ ದೇಶದಲ್ಲೂ ಸಿಕ್ಕಿಲ್ಲ.

ಮ್ವಾಂಜಾ

ಸರೋವರದ ದಂಡೆಯ ಮೇಲಿನ ಮ್ವಾಂಜಾ ನಗರದಲ್ಲಿ ನನಗಾಗಿ ಕಾದಿದ್ದವಳು ನೀಮಾ. ಅಲ್ಲಿನ ಪ್ರಯೋಗಾಲಯದ ವಿಜ್ಞಾನಿ, ನನಗಿಂತ ಚಿಕ್ಕವಳು, ನಗುವುದು ಕಡಿಮೆ, ನಗಿಸುವುದು ಹೆಚ್ಚು. ಕೈಕುಲುಕಿದ ಮೇಲೆ ಅವಳು ಮೊದಲು ಕೇಳಿದ್ದು ಮಕ್ಕಳೆಷ್ಟು ಎಂದು. ಒಬ್ಬ ಮಗ, ಮನು ಎಂದೆ. ಆ ಗಳಿಗೆಯಿಂದ ನಾನು ಅಲ್ಲಿ ಎಲ್ಲರಿಗೂ 'ಮಾಮಾ ಮನು', ಅಂದರೆ ಮನುವಿನ ಅಮ್ಮ. ಬ್ಯಾಡರಹಳ್ಳಿಯ ಬೀದಿಯಲ್ಲೂ ನನ್ನನ್ನು ಕರೆಯುವುದು ಮನು ಅಮ್ಮ ಎಂದೇ. ಸಮುದ್ರ ದಾಟಿ ಹೋದರೂ ಸ್ವಂತ ಹೆಸರಿನ ಯೋಗ ನನಗೆ ಕೂಡಿಬರಲಿಲ್ಲ.

ಮಧ್ಯಾಹ್ನ ನೀಮಾ ಊಟಕ್ಕೆ ಕರೆದೊಯ್ದಳು. ತಟ್ಟೆಯಲ್ಲಿ ಬೆಳ್ಳಗಿನ ಮುದ್ದೆ ಬಂತು. ಅದಕ್ಕೆ ಉಗಾಲಿ ಎನ್ನುತ್ತಾರೆ, ಮೆಕ್ಕೆಜೋಳದ ಹಿಟ್ಟಿನದು. ಜೊತೆಗೆ ಸೊಪ್ಪಿನ ಪಲ್ಯ, ಮೀನಿನ ಸಾರು. ಮುದ್ದೆ ಕಂಡದ್ದೇ ನನ್ನ ಮೈಯಲ್ಲಿದ್ದ ಪರದೇಶದ ಭಯವೆಲ್ಲ ಇಳಿದುಹೋಯಿತು. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಿದೆ. ಇನ್ನೊಂದು, ಮತ್ತೊಂದು. ತಲೆಯೆತ್ತಿದರೆ ನೀಮಾ ಎದ್ದು ನಿಂತಿದ್ದಳು. ಬಡಿಸಲು ಬಂದವನು ನೀರಿನ ಲೋಟ ಹಿಡಿದು ಓಡಿಬಂದ. ಪಕ್ಕದ ಮೇಜಿನ ದಪ್ಪಗಿನ ಮನುಷ್ಯನೊಬ್ಬ ನನ್ನ ಬೆನ್ನಿಗೆ ಗುದ್ದಲು ಕೈ ಎತ್ತಿಬಿಟ್ಟಿದ್ದ.

ಉಗಾಲಿಯನ್ನು ಅವರು ಜಗಿಯುತ್ತಾರೆ. ನಾವು ಮುದ್ದೆಯನ್ನು ಜಗಿಯುವುದಿಲ್ಲ, ನಮ್ಮ ಕಡೆ ಜಗಿದರೆ ಅನ್ನ ತಿನ್ನುವವರೆಂದು ನಗುತ್ತಾರೆ ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾರು ಆರಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, ಸರಿ, ಆದರೆ ಹಳ್ಳಿಯಲ್ಲಿ ಜಗಿ ಎಂದಳು. ಸಂಶೋಧಕಿ ಊಟ ಸಿಕ್ಕಿಕೊಂಡು ಸತ್ತರೆ ವರದಿ ಬರೆಯುವುದು ಅವಳ ತಲೆಗೆ ಬರುತ್ತದಂತೆ.

ಹಳ್ಳಿ

ಹಳ್ಳಿಯ ಹೆಸರು ಬರೆಯುವುದಿಲ್ಲ, ಅಲ್ಲಿನ ಹೆಂಗಸರಿಗೆ ಮಾತು ಕೊಟ್ಟಿದ್ದೇನೆ. ಕೆಮ್ಮಣ್ಣಿನ ದಾರಿ, ದಿಬ್ಬದ ಮೇಲೆ ಶಾಲೆ, ಕೆಳಗೆ ದಡದಲ್ಲಿ ದೋಣಿಗಳು. ಸರೋವರ ಸಮುದ್ರದಷ್ಟೇ ದೊಡ್ಡದು, ಆಚೆ ದಡ ಕಾಣುವುದೇ ಇಲ್ಲ. ಅದೇ ನೀರಿನಲ್ಲಿ ಸ್ನಾನ, ಬಟ್ಟೆ, ಪಾತ್ರೆ, ಮೀನು, ಮಕ್ಕಳ ಈಜು. ದಡದ ಜೊಂಡಿನಲ್ಲಿ ಬಸವನಹುಳುಗಳು ಯಾರ ತಂಟೆಗೂ ಬರದವರ ಹಾಗೆ ಅಂಟಿಕೊಂಡು ಕೂತಿದ್ದವು.

ಹಳ್ಳಿಯಲ್ಲಿ ನಡೆಯುವುದೆಲ್ಲ ಬೀಬಿ ರೆಹೆಮಾ ಹೇಳಿದಂತೆ. ಅಲ್ಲಿ ಬೀಬಿ ಎಂದರೆ ಅಜ್ಜಿ. ಹಿರಿಯರನ್ನು ಕಂಡಾಗ 'ಶಿಕಮೂ' ಎನ್ನಬೇಕು, ಕಾಲು ಹಿಡಿಯುತ್ತೇನೆ ಎಂದು ಅದರ ಮೂಲ ಅರ್ಥವಂತೆ ಎಂದು ನೀಮಾ ದಾರಿಯಲ್ಲಿ ಹೇಳಿಕೊಟ್ಟಿದ್ದಳು. ನಾನು ಶಿಕಮೂ ಅಂದವಳೇ ಅಭ್ಯಾಸಬಲದಿಂದ ಬಗ್ಗಿ ಕಾಲು ಮುಟ್ಟಿಯೇಬಿಟ್ಟೆ. ಬೀಬಿ ಗಾಬರಿಯಾಗಿ ಹಿಂದೆ ಸರಿದು, ಏನೋ ಬಿದ್ದುಹೋಗಿದೆ ಎಂದುಕೊಂಡು ನನ್ನ ಜೊತೆ ತಾವೂ ಬಗ್ಗಿ ನೆಲ ಹುಡುಕಿದರು. ಹೀಗೆ ನಮ್ಮ ಮೊದಲ ಭೇಟಿ ಇಬ್ಬರೂ ಬಗ್ಗಿಕೊಂಡೇ ಆಯಿತು.

ಆಮೇಲೆ ಕ್ಷೇಮ ಸಮಾಚಾರ. ಮನೆ ಹೇಗಿದೆ, ಮಗ ಹೇಗಿದ್ದಾನೆ, ಅತ್ತೆ ಹೇಗಿದ್ದಾರೆ, ಪ್ರಯಾಣ ಹೇಗಿತ್ತು, ಇಷ್ಟೆಲ್ಲ ಮುಗಿಯದೆ ಯಾರೂ ಕೆಲಸದ ಮಾತೆತ್ತುವುದಿಲ್ಲ. ನಮ್ಮಲ್ಲಿ 'ಊಟ ಆಯ್ತಾ' ಎಂದು ಒಂದೇ ಏಟಿಗೆ ಮುಗಿಸುವುದನ್ನು ಅವರು ಅರ್ಧ ಗಂಟೆ ಮಾಡುತ್ತಾರೆ. ಮುಗಿದ ಮೇಲೆ ಬೀಬಿ ಮಾತ್ರ ನೇರವಾಗಿ ಮಾತಾಡಿದರು. ಅವರು ಹೇಳಿದ್ದು ಸ್ವಾಹಿಲಿಯಲ್ಲಿ, ನೀಮಾ ತಿಳಿಸಿದ್ದು ಇಂಗ್ಲಿಷಿನಲ್ಲಿ. ಆದರೆ ನನ್ನ ಕಿವಿಗೆ ಬಿದ್ದದ್ದು ಬ್ಯಾಡರಹಳ್ಳಿ ಕನ್ನಡದಲ್ಲಿ, ಹಾಗೆಯೇ ಬರೆಯುತ್ತೇನೆ.

"ಹಿಂದೆ ಒಂದ್ ಸಲ ನಿಮ್ಮಂಥೋರೇ ಬಂದಿದ್ರು. ನೋಡಿದ್ರು, ನಿಮ್ಮೂರಲ್ಲಿ ಏನೂ ಇಲ್ಲ ಅಂದ್ರು, ಹೋದ್ರು. ಪಕ್ಕದೂರಿಗೆ ವರ್ಷ ವರ್ಷ ಮಾತ್ರೆ ಬರುತ್ತೆ, ನಮಗಿಲ್ಲ. ಇವಳನ್ನ ನೋಡು, ಇವಳಿಗೆ ಏನೂ ಇಲ್ವಾ?"

'ಇವಳು' ಎಂದರೆ ಮೊಮ್ಮಗಳು ಜವಾದಿ. ಶಾಲೆಗೆ ಹೋಗುವ ಹುಡುಗಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಓರಗೆಯವರು ಅಂಗಳದಲ್ಲಿ ಹಗ್ಗ ಹಾರುತ್ತಿದ್ದರೆ ಅವಳು ಗೋಡೆಗೊರಗಿ ಅವರ ಪರವಾಗಿ ಎಣಿಸುತ್ತ ಕೂತಿದ್ದಳು. ಎಣಿಸುವಾಗ ಮೋಸ ಮಾಡುತ್ತಿದ್ದಳು, ಅದು ನನಗೆ ಹಿಡಿಸಿತು.

ನೀಮಾ ನನಗೆ ಬಿಡಿಸಿ ಹೇಳಿದಳು. ಹಿಂದೆ ಬಂದವರು ಒಬ್ಬೊಬ್ಬರದೂ ಮಲ ಬಳಿದ ಒಂದೊಂದೇ ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದರು. ಹುಳು ಕಡಿಮೆ ಇದ್ದಾಗ ಮೊಟ್ಟೆ ಒಂದು ಗಾಜಿನಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ನಮ್ಮ ಹೊಸ ಪಟ್ಟಿ ಹುಳುವನ್ನು ಹಿಡಿದು, ಮೈಕ್ರೋಸ್ಕೋಪೂ ಅದಕ್ಕೆ ಹೌದೆಂದರೆ ಹಳ್ಳಿಗೆ ಮಾತ್ರೆ ಬರುತ್ತದೆ. ಆದರೆ ಸಾಕಷ್ಟು ಮನೆಗಳಿಂದ ಮಲ ಬರಲೇಬೇಕು. ಬರದಿದ್ದರೆ ಈ ಊರಿನಲ್ಲಿ ಏನೂ ಇಲ್ಲ ಎಂಬ ಹಳೆಯ ಮಾತೇ ನಿಲ್ಲುತ್ತದೆ, ಇನ್ನೊಮ್ಮೆ ಇಲ್ಲಿಗೆ ಯಾರೂ ಬರುವುದಿಲ್ಲ.

ನಾವು ಡಬ್ಬಿ ಹಂಚಿದೆವು. ಮರುದಿನ ಬೆಳಿಗ್ಗೆ ಕೆಲವರು ನಾಚಿಕೊಂಡು, ಖಂಗದ ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟರು. ಖಂಗವೆಂದರೆ ಅಲ್ಲಿನ ಹೆಂಗಸರು ಸುತ್ತಿಕೊಳ್ಳುವ ಬಣ್ಣದ ಬಟ್ಟೆ. ಮೊದಲ ದಿನಕ್ಕೆ ಅಷ್ಟು ಬಂದದ್ದೇ ಹೆಚ್ಚು ಎಂದು ನೀಮಾ ಅಂದಳು.

ಮಾವಿನ ಮರದ ಕೆಳಗೆ

ಆ ಮಧ್ಯಾಹ್ನ ಶಾಲೆಯ ಮುಂದಿನ ಮಾವಿನ ಮರದಡಿ ಹಳ್ಳಿಯ ಹೆಂಗಸರು ನಮಗೆ ಊಟ ಹಾಕಿದರು. ಉಗಾಲಿ, ಜೊತೆಗೆ ದಗಾ ಎಂಬ ಬೆರಳುದ್ದದ ಒಣಮೀನು. ನಾನು ನೀಮಾಗೆ ಕೊಟ್ಟ ಮಾತಿನಂತೆ ಜಗಿದೆ. ಜಗಿದ ಮುದ್ದೆ ಎಷ್ಟು ಸಪ್ಪೆ ಎಂಬುದು ಅವತ್ತು ಗೊತ್ತಾಯಿತು. ನಾಲಿಗೆಗೆ ಏನಾದರೂ ಬೇಕೆನಿಸಿ ಚೀಲಕ್ಕೆ ಕೈ ಹಾಕಿ ಅತ್ತೆಯ ಡಬ್ಬಿ ತೆಗೆದೆ.

ಮುಚ್ಚಳ ತಿರುಗಿಸುವಾಗಲೂ ನನಗೆ ಹೊಳೆಯಲಿಲ್ಲ. ಒಂದು ಚಮಚ ತೊಕ್ಕು ಉಗಾಲಿಯ ಪಕ್ಕದಲ್ಲಿ ಹಾಕಿಕೊಂಡು, ಬೆರಳಲ್ಲಿ ಕಲಸಿ ಬಾಯಿಗಿಟ್ಟ ಮೇಲೆ ತಲೆಯೆತ್ತಿದೆ. ಎಲ್ಲರ ಕೈಯೂ ತಟ್ಟೆಯಿಂದ ಮೇಲಕ್ಕೆ ಬಂದು ಅಲ್ಲೇ ನಿಂತಿತ್ತು. ಬೆಳಿಗ್ಗೆ ಅವರು ಸೆರಗಿನಲ್ಲಿ ಮುಚ್ಚಿ ತಂದ ಡಬ್ಬಿಗೂ ನನ್ನ ಕೈಯಲ್ಲಿದ್ದ ಡಬ್ಬಿಗೂ, ಒಳಗಿದ್ದುದರ ಬಣ್ಣವನ್ನೂ ಸೇರಿಸಿ, ಯಾವ ವ್ಯತ್ಯಾಸವೂ ಇರಲಿಲ್ಲ. ನೀಮಾ ಕಣ್ಣು ಮುಚ್ಚಿಕೊಂಡಿದ್ದಳು.

ಬೀಬಿ ರೆಹೆಮಾ ಕೈಚಾಚಿದರು. ಡಬ್ಬಿ ಕೊಟ್ಟೆ. ಮೂಸಿದರು, ಹುಬ್ಬೇರಿಸಿದರು, ಕಿರುಬೆರಳ ತುದಿಗೆ ಸೋಕಿಸಿ ನಾಲಿಗೆಗಿಟ್ಟರು. ಹುಳಿಗೆ ಒಂದು ಕಣ್ಣು ಮುಚ್ಚಿತು, ಖಾರಕ್ಕೆ ಇನ್ನೊಂದು. ಆಮೇಲೆ ಅವರು ನಗಲು ಶುರುಮಾಡಿದರು ನೋಡಿ, ಮರದ ಕೆಳಗಿದ್ದವರೆಲ್ಲ ನೆಲಕ್ಕೆ ಕೈಯೂರಿ ನಕ್ಕರು. ತೊಕ್ಕು ಕೈಯಿಂದ ಕೈಗೆ ಹೋಯಿತು, ಡಬ್ಬಿ ಮಾತ್ರ ನನ್ನ ಕೈಗೆ ಮರಳಿ ಬರಲಿಲ್ಲ. ಎಲ್ಲರ ಮನಸ್ಸು ಗೆದ್ದೆ ಎಂದು ಬೀಗುತ್ತ ನಾನು ಮಲಗಿದೆ.

ಮರುದಿನ ಬೆಳಿಗ್ಗೆ ನಮ್ಮ ಮೇಜಿಗೆ ಒಂದು ಡಬ್ಬಿಯೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂತ್ರ ಕೊಡಲು ಬಂದವರು ನಗುನಗುತ್ತ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟು ಹೋಗುತ್ತಿದ್ದರು. ಇನ್ನೊಂದು ಎಲ್ಲಿ ಎಂದರೆ ನಾಳೆ ಎನ್ನುತ್ತಿದ್ದರು. ಹೊಸ ಪಟ್ಟಿಗಳಲ್ಲಿ ಮೇಲಿಂದ ಮೇಲೆ ಎರಡು ಗೆರೆ ಮೂಡುತ್ತಿತ್ತು, ಅದಕ್ಕೆ ಸಾಕ್ಷಿ ಹೇಳಬೇಕಾದ ಮೈಕ್ರೋಸ್ಕೋಪು ಬಟ್ಟೆ ಹೊದ್ದು ಕೂತಿತ್ತು.

ನನಗೆ ನಿಜವಾಗಿ ಭಯವಾಯಿತು. ನಾನು ತಿಂದ ರೀತಿ ನೋಡಿ ಅವರಿಗೆ ಹೇಸಿಗೆಯಾಗಿದೆ, ಮೇಲೆ ನಕ್ಕರೂ ಒಳಗೆ ನನ್ನ ಮೇಲಿನ ನಂಬಿಕೆ ಹೋಗಿದೆ ಎಂದುಕೊಂಡೆ. ಒಂದು ಚಮಚ ತೊಕ್ಕಿಗಾಗಿ ಆ ಹುಡುಗಿಯ ಊರಿನ ಮಾತ್ರೆ ತಪ್ಪಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಹೊರಡುವ ದಿನ ಹತ್ತಿರ ಬರುತ್ತಿತ್ತು. ಅದೇ ಹೊತ್ತಿಗೆ ಅತ್ತೆಯ ಧ್ವನಿ ಸಂದೇಶ ಬಂತು. ಕೆಲಸ ಹೇಗಿದೆ ಎಂದು ಕೇಳಲಿಲ್ಲ.

"ತೊಕ್ಕು ಕಾಲಿ ಆಯ್ತೇನಮ್ಮ? ಡಬ್ಬಿ ಬಿಸಾಕ್‌ಬಿಟ್ಟೀಯ, ತೊಳ್ದು ತಗೊಂಡ್ ಬಾ."

ಬೀಬಿಯ ಅಡುಗೆಮನೆ

ಕ್ಷಮೆ ಕೇಳೋಣವೆಂದು ನೀಮಾಳನ್ನು ಕರೆದುಕೊಂಡು ಬೀಬಿಯ ಮನೆಗೆ ಹೋದೆ. ಅವರು ಹಿತ್ತಲ ಅಡುಗೆಮನೆಯಲ್ಲಿ ಒಲೆ ಊದುತ್ತಿದ್ದರು. ಹೊಗೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಹಲಗೆ ಕಂಡಿತು. ಅದರ ಮೇಲೆ ಸಾಲಾಗಿ, ಒರೆಸಿಟ್ಟು, ನಮ್ಮ ಡಬ್ಬಿಗಳು. ಒಂದರಲ್ಲಿ ಉಪ್ಪು. ಒಂದರಲ್ಲಿ ಸಕ್ಕರೆ. ಒಂದರಲ್ಲಿ ಚಹಾಪುಡಿ. ಅತ್ತೆಯ ತೊಕ್ಕಿನ ಡಬ್ಬಿಯಲ್ಲಿ ಸೂಜಿದಾರ.

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. ಆ ಹಲಗೆ ನನಗೆ ಚೆನ್ನಾಗಿ ಗೊತ್ತಿದ್ದ ಹಲಗೆ. ನಮ್ಮ ಮನೆಯ ಗ್ಯಾಸ್ ಒಲೆಯ ಮೇಲ್ಗಡೆಯೂ ಅದೇ ಇದೆ. ಬೀಬಿಗೆ ಮಾತ್ರ ನಾನು ನಗುವುದು ಸರಿಬರಲಿಲ್ಲ.

"ನೀನೇ ಅದ್ರಲ್ಲಿ ಊಟ ಇಟ್ಕೊಂಡು ತಿಂದೆ, ಊರೆಲ್ಲ ನೋಡಿದೆ. ತಿನ್ನೋ ಡಬ್ಬೀಲಿ ಅದುನ್ನ ತುಂಬೋಕೆ ನಾವೇನು ಬುದ್ಧಿ ಇಲ್ದೋರಾ?"

ಹಳ್ಳಿಯ ಎಲ್ಲ ಮನೆಗಳಲ್ಲೂ ಇದೇ ಕತೆ. ಹೇಸಿಗೆಯೂ ಇಲ್ಲ, ಸಿಟ್ಟೂ ಇಲ್ಲ. ಡಬ್ಬಿ ತೀರಾ ಒಳ್ಳೆಯದು, ಅಷ್ಟೇ. ಅತ್ತೆ ಹಾಲಿನಲ್ಲಿ ಅದನ್ನು ತಲೆಕೆಳಗು ಹಿಡಿದು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ನೀಮಾ ತನ್ನ ಹಣೆ ಹಿಡಿದುಕೊಂಡು, ಕಳಪೆ ಡಬ್ಬಿ ತರಲು ಮ್ವಾಂಜಾಗೆ ಹೋಗಿಬರುವಷ್ಟು ಸಮಯವೂ ಉಳಿದಿಲ್ಲ ಎಂದಳು. ಇದ್ದ ಒಳ್ಳೆಯ ಡಬ್ಬಿಗಳನ್ನೇ ಹೇಗಾದರೂ ಕೆಡಿಸಬೇಕಿತ್ತು.

ನನ್ನ ಜೇಬಿನಲ್ಲಿ ಗಾಜಿನ ಪಟ್ಟಿಗಳ ಮೇಲೆ ಬರೆಯುವ ಕಪ್ಪು ಮಾರ್ಕರ್ ಇತ್ತು, ನೀರು ತಾಕಿದರೂ ಅಳಿಸುವುದಿಲ್ಲ. ಚೀಲದಲ್ಲಿದ್ದ ಹೊಸ ಡಬ್ಬಿಯೊಂದನ್ನು ತೆಗೆದು ಅದರ ಮೈಮೇಲೆ ಒಂದು ಹುಳು ಬರೆದೆ. ನನಗೆ ಚಿತ್ರ ಬರೆಯಲು ಬಾರದು, ಅದು ಪಡವಲಕಾಯಿಗೆ ಕಣ್ಣು ಬಂದ ಹಾಗೆ ಕಂಡಿತು. ಇದೇನೆಂದು ಬೀಬಿ ಕೇಳಿದರು. ಜವಾದಿಯ ಹೊಟ್ಟೆಯಲ್ಲಿರುವುದು ಎಂದೆ. ಅವರು ಡಬ್ಬಿಯನ್ನು ನನ್ನ ಕಡೆಗೇ ತಳ್ಳಿದರು. ನಾನು ಮಾರ್ಕರ್ ಹಿಡಿದೇ ಹಲಗೆಯ ಕಡೆ ತಿರುಗಿದೆ. ಬೀಬಿ ಒಂದೇ ಹೆಜ್ಜೆಗೆ ಅಡ್ಡ ಬಂದು ಉಪ್ಪಿನ ಡಬ್ಬಿಯನ್ನು ಎದೆಗವಚಿಕೊಂಡರು.

ನಾನೂ ನೀಮಾಳೂ ಮುಖ ಮುಖ ನೋಡಿಕೊಂಡೆವು. ಹುಳುವಿರುವ ಡಬ್ಬಿಯಲ್ಲಿ ಯಾವ ಹೆಂಗಸೂ ಉಪ್ಪು ಇಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ.

ಶಾಲೆಯ ಅಂಗಳ

ಉಳಿದಿದ್ದ ಡಬ್ಬಿಗಳನ್ನೆಲ್ಲ ಶಾಲೆಯ ಅಂಗಳದಲ್ಲಿ ಸುರಿದು ಹುಳು ಬರೆಯಲು ಕೂತೆವು. ಮಕ್ಕಳು ಮೊದಲು ನೋಡಿದರು, ಆಮೇಲೆ ನನ್ನ ಚಿತ್ರಗಳಿಗೆ ನಕ್ಕರು, ಕೊನೆಗೆ ಮಾರ್ಕರ್ ಕಿತ್ತುಕೊಂಡರು. ಟೋಪಿ ಹಾಕಿದ ಹುಳು, ಸೈಕಲ್ ಹೊಡೆಯುವ ಹುಳು, ಹೆಡ್‌ಮಾಸ್ಟರ ಮೀಸೆಯ ಹುಳು. ಹೆಡ್‌ಮಾಸ್ಟರು ಬಂದು ನೋಡಿ, ಮೀಸೆ ಸವರಿಕೊಂಡು ಹೋದರು. ಜವಾದಿ ತನ್ನ ಹುಳುವಿಗೆ ಉದ್ದ ರೆಪ್ಪೆ, ಕಿವಿಗೆ ಓಲೆ ಬರೆದಳು. ತಮ್ಮ ಕೈಯಾರೆ ಬರೆದ ಡಬ್ಬಿಯನ್ನು ಮಕ್ಕಳೇ ಮನೆಗೆ ಹೊತ್ತುಕೊಂಡು ಹೋದರು. ಮೊದಲೇ ಇಟ್ಟುಕೊಂಡ ಡಬ್ಬಿಗಳನ್ನು ಯಾರೂ ವಾಪಸು ಕೇಳುವುದಿಲ್ಲ ಎಂದು ನೀಮಾ ಮನೆಮನೆಗೂ ಹೋಗಿ ಸಾರಿದಳು.

ಬೆಳಿಗ್ಗೆ ಮೇಜಿನ ಮುಂದೆ ಸಾಲು ನಿಂತಿತ್ತು. ಈ ಸಲ ಸೆರಗಿನಲ್ಲಿ ಮುಚ್ಚಿಕೊಂಡವರು ಯಾರೂ ಇರಲಿಲ್ಲ. ಮೊಮ್ಮಕ್ಕಳು ಬರೆದ ಹುಳುವನ್ನು ಒಬ್ಬರಿಗೊಬ್ಬರು ತೋರಿಸುತ್ತ, ಯಾರದು ಚೆಂದವೆಂದು ವಾದ ಮಾಡುತ್ತ ನಿಂತಿದ್ದರು. ಒಳಗೇನಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು.

ನಮ್ಮ ಕೈಗೆ ಬಿಡುವಿಲ್ಲದ ಹಾಗಾಯಿತು. ಹಿಟ್ಟು ಜರಡಿ ಹಿಡಿಯುವ ಹಾಗೆ ಸಣ್ಣ ಬಲೆಯಲ್ಲಿ ಒತ್ತಿ ಸೋಸಿ, ಗಾಜಿನ ಮೇಲೆ ಬಳಿದು, ಹಸಿರು ಬಣ್ಣದ ಹಾಳೆ ಮುಚ್ಚಿ ನೋಡಬೇಕು. ಜವಾದಿಯದನ್ನು ನಾನೇ ನೋಡಿದೆ. ಮೊದಲ ಗಾಜಿನಲ್ಲಿ ಏನೂ ಇಲ್ಲ. ಹಿಂದೆ ಬಂದವರು ಇಲ್ಲಿಗೇ ನಿಲ್ಲಿಸಿ ಎದ್ದು ಹೋಗಿದ್ದರು. ಎರಡನೆಯದರಲ್ಲೂ ಇಲ್ಲ. ಮೂರನೆಯದರ ಮೂಲೆಯಲ್ಲಿ ಒಂದೇ ಒಂದು ಮೊಟ್ಟೆ, ಪಕ್ಕದಲ್ಲಿ ಗುಲಾಬಿ ಗಿಡದಲ್ಲಿರುವಂಥ ಮುಳ್ಳು ಚಾಚಿಕೊಂಡು ಮಲಗಿತ್ತು. ನಾನು ಕುರ್ಚಿಯಿಂದೆದ್ದು ನೀಮಾಳನ್ನು ತಬ್ಬಿಕೊಂಡೆ. ಒಂದು ಮಗುವಿನ ಹೊಟ್ಟೆಯಲ್ಲಿ ಹುಳು ಸಿಕ್ಕಿತೆಂದು ಕುಣಿಯುವ ಕೆಲಸ ನನ್ನದು. ಆ ಕ್ಷಣ ನಾಚಿಕೆಯೂ ಆಯಿತು, ಸಂತೋಷ ಅದಕ್ಕಿಂತ ಹೆಚ್ಚಾಯಿತು.

ಹುಳು ಕಂಡವರಿಗೆಲ್ಲ ನೀಮಾ ಊಟ ಮಾಡಿಸಿ ಅಲ್ಲೇ ಮಾತ್ರೆ ನುಂಗಿಸಿದಳು. ಆದರೆ ನೀರು ಅದೇ, ಬಸವನಹುಳು ಅದೇ. ಇಡೀ ಊರಿಗೆ ವರ್ಷ ವರ್ಷವೂ ಬಂದರೆ ಮಾತ್ರ ಪ್ರಯೋಜನ. ಅದು ನಮ್ಮ ವರದಿ ಓದುವವರ ಕೈಯಲ್ಲಿತ್ತು. ಹೊರಡುವಾಗ ನಾನು ಬಾಯಿತಪ್ಪಿ, ನಮ್ಮ ಕಡೆ ಹೇಳುವಂತೆ, ಹೋಗಿ ಬರುತ್ತೇನೆ ಎಂದೆ. ಬೀಬಿ ನನ್ನ ಕೈ ಬಿಡದೆ, ನೀನು ಬರದಿದ್ದರೂ ಪರವಾಗಿಲ್ಲ, ಮಾತ್ರೆ ಬರಲಿ ಎಂದರು.

ಮತ್ತೆ ಬ್ಯಾಡರಹಳ್ಳಿ

ಬರಿಗೈಯಲ್ಲಿ ಬಂದ ನನ್ನನ್ನು ಅತ್ತೆ ಬಾಗಿಲಲ್ಲೇ ಕೇಳಿದ್ದು ಡಬ್ಬಿ ಎಲ್ಲಿ ಎಂದು. ಅಲ್ಲಿ ಒಬ್ಬರು ಅಜ್ಜಿ ಇಟ್ಟುಕೊಂಡರು ಎಂದೆ. "ಬುದ್ಧಿವಂತೆ" ಎಂದರು, ನನ್ನನ್ನಲ್ಲ.

ತಿಂಗಳುಗಳು ಕಳೆದವು. ಹೊಸ ಪಟ್ಟಿ ತಯಾರಿಸುವುದನ್ನು ಕಲಿಯಲು ನೀಮಾ ನಮ್ಮ ಕೇಂದ್ರಕ್ಕೆ ಬಂದಳು. ಮೊದಲ ಭಾನುವಾರವೇ ಮನೆಗೆ ಕರೆತಂದೆ. ಅತ್ತೆ ಮುದ್ದೆ ಕಟ್ಟಿ ಉಪ್ಸಾರು ಮಾಡಿದ್ದರು. ನೀಮಾ ಒಂದು ತುತ್ತು ಬಾಯಿಗಿಟ್ಟು ಜಗಿಯಲು ಶುರುಮಾಡಿದಳು. ಜಗಿದಳು, ಜಗಿದಳು, ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅತ್ತೆ ಕೈಯಲ್ಲಿದ್ದ ಸೌಟು ಬಿಟ್ಟು, ಇವಳಿಗೆ ನುಂಗಲು ಯಾರೂ ಕಲಿಸಲಿಲ್ಲವೇ ಎಂದು ನನ್ನನ್ನು ಗದರಿದರು.

ಊಟದ ನಡುವೆ ನೀಮಾ ಚೀಲದಿಂದ ಒಂದು ಡಬ್ಬಿ ತೆಗೆದು ಅತ್ತೆಯ ಮುಂದಿಟ್ಟಳು. ಬೀಬಿ ರೆಹೆಮಾ ಕಳಿಸಿದ್ದು, ಒಳಗೆ ಒಣಮೀನಿನ ಪುಡಿ. ಹೊರಮೈಯಲ್ಲಿ ರೆಪ್ಪೆ ಬಿಟ್ಟುಕೊಂಡು, ಓಲೆ ಹಾಕಿಕೊಂಡು ಜವಾದಿಯ ಹುಳು. ನಾನು ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ. ನೀಮಾ ಗಂಭೀರವಾಗಿ ನನ್ನ ಕಡೆ ನೋಡಿ, ಇದು ಹೊಸ ಡಬ್ಬಿ ಎಂದಳು. ಬಳಸದೆ ಉಳಿದ ಡಬ್ಬಿಗಳ ಮೇಲೂ ಮಕ್ಕಳು ಹುಳು ಬರೆದಿದ್ದಾರಂತೆ, ತಮ್ಮ ಹಲಗೆಗೆ ಬೇಡದ್ದರಲ್ಲೇ ಬೀಬಿ ಪುಡಿ ತುಂಬಿ ಕಳಿಸಿದರಂತೆ. ಆಮೇಲೆ ಫೋನು ತೆರೆದು ಒಂದು ಫೋಟೋ ತೋರಿಸಿದಳು. ಎಷ್ಟು ಮಾತ್ರೆ ಕೊಡಬೇಕೆಂದು ತಿಳಿಯಲು ಅಲ್ಲಿ ಗುರುತು ಹಾಕಿದ ಕೋಲಿಗೆ ಒರಗಿಸಿ ಎತ್ತರ ಅಳೆಯುತ್ತಾರೆ. ಶಾಲೆಯ ಅಂಗಳದಲ್ಲಿ ಊರಿನವರ ಸಾಲು, ಮುಂದೆ ಆ ಕೋಲು, ಕೋಲಿಗೊರಗಿ ಕಳ್ಳತನದಿಂದ ತುದಿಗಾಲಲ್ಲಿ ನಿಂತ ಜವಾದಿ. ಹಿಂದೆ ನೆಲದ ಮೇಲೆ ಅವಳು ಬಿಟ್ಟು ಬಂದ ಹಗ್ಗ ಬಿದ್ದಿತ್ತು. ಊರಿಗೆ ಮಾತ್ರೆ ಬಂದಿತ್ತು.

ನಾನು ಎಡಗೈಯಲ್ಲಿ ಫೋನು ತೆಗೆದುಕೊಂಡು ಫೋಟೋವನ್ನು ಇನ್ನೊಮ್ಮೆ ನೋಡಿದೆ. ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದ್ಯಾಕೆ ಪಡವಲಕಾಯಿ ಬರೆದಿದ್ದಾರೆ ಎಂದು ಕೇಳಿದರು. ನಾನು ಅನುಮಾನಿಸಿದೆ. ಊಟದ ಹೊತ್ತು ಎಂದೆ. ಅವರು ಪರವಾಗಿಲ್ಲ ಹೇಳು ಎಂದರು. ಕಸ್ಟಮ್ಸ್‌ನಿಂದ ಹಿಡಿದು ಮೂರನೆಯ ಗಾಜಿನ ಮೊಟ್ಟೆಯವರೆಗೂ, ಏನನ್ನೂ 'ಅದು' ಎನ್ನದೆ, ಎಲ್ಲ ಹೇಳಿದೆ. ಅತ್ತೆ ತುತ್ತು ಬಿಡದೆ ಕೇಳಿದರು. ಕೊನೆಗೆ ಮೀನಿನ ಪುಡಿಯನ್ನು ಮುದ್ದೆಗೆ ಹಚ್ಚಿ ನುಂಗಿ, ಉಪ್ಪು ಸ್ವಲ್ಪ ಕಡಿಮೆ ಎಂದರು.

ಆಗಲೇ ಗೇಟಿನ ಸದ್ದಾಯಿತು. ಜಯಮ್ಮ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ನಾನು ಓಮದ ನೀರು ಹೇಳಲು ಎದ್ದೆ. ಅತ್ತೆ ನನ್ನನ್ನು ಕೂರಿಸಿ, ಎಂಜಲು ಕೈಯಲ್ಲೇ ಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

"ನಮ್ ಸೊಸೆ ಹೊಟ್ಟೆ ಡಾಕ್ಟ್ರಲ್ಲ ಕಣೇ ಜಯಮ್ಮ. ಹೇಲು ನೋಡ್ತಾಳೆ. ಹೇಲು ನೋಡಿ ಒಂದ್ ಊರಿಗೇ ಮಾತ್ರೆ ಕೊಡ್ಸವ್ಳೆ. ನಿಂದೂ ನಾಳೆ ಬೆಳಿಗ್ಗೆ ತಗೊಂಡ್ ಬಾ, ನೋಡ್ತಾಳೆ."

ಜಯಮ್ಮ ಹೊಟ್ಟೆಯಿಂದ ಕೈ ತೆಗೆದರು. ಅತ್ತೆ ಒಳಗೆ ಬರಲು ತಿರುಗಿದವರು, ಏನೋ ನೆನಪಾಗಿ, ಮತ್ತೆ ಗೇಟಿನ ಕಡೆ ಮುಖ ಮಾಡಿದರು.

"ಡಬ್ಬಿ ಮಾತ್ರ ನಿಂದೇ ತಗೊಂಡ್ ಬಾ. ನಮ್ದು ಕೊಡಾಕಿಲ್ಲ."